ಕುರೆಗೆ ಹೋಗಿ ಬಂದ ಬೆಟ್ಟದಪುರದ ಹಡಗು

ಬೆಟ್ಟದಪುರ

ಹೊಗೆಸೊಪ್ಪು ಬೆಳೆಯುವವನು ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ. ಹರಾಜಿನಲ್ಲಿ ನಮ್ಮ ಸೊಪ್ಪಿನ ಹೊರೆ, ಅಂದರೆ ಬೇಲು, ನೋಡಲು ಬರುವವರು ಮೇಲಿನ ಎಲೆ ಮುಟ್ಟುವುದೇ ಇಲ್ಲ, ನಡುವಿಗೆ ಕೈ ತೂರಿಸಿ ಒಳಗಿನ ಎಲೆ ಎಳೆದು ನೋಡುತ್ತಾರೆ. ನಾವೂ ಅಷ್ಟೆ. ಕೊಳ್ಳುವವನ ಮಾತು ಕೇಳುವುದಿಲ್ಲ, ಅವನು ಪಕ್ಕದವನಿಗೆ ಕಣ್ಣು ಹಾಯಿಸುವುದನ್ನು ಕಾಯುತ್ತೇವೆ. ಹೀಗೆ ತಲೆ ನರೆತ ನನ್ನನ್ನು, ಮುಖ ನೋಡದ ಒಬ್ಬ ಮುದುಕರು ನನ್ನ ಕೈಕೆಲಸದ ಫೋಟೋವನ್ನು ಇಂಟರ್ನೆಟ್ಟಿನಲ್ಲಿ ಕಂಡು ಜಪಾನಿನಿಂದ, ನಿಮ್ಮ ಹಡಗು ತೆಗೆದುಕೊಂಡು ನಮ್ಮೂರಿನ ಪ್ರದರ್ಶನಕ್ಕೆ ಬನ್ನಿ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ ಎಂದು ಕರೆದರೆ ಹೇಗಾಗಬೇಡ? ಈ ಬೇಲಿನ ನಡುವೆ ಯಾವ ಎಲೆ ಇಟ್ಟಿದ್ದಾರೋ ಎಂದುಕೊಂಡೆ.

ಹಡಗೆಂದರೆ ನೀರಿನ ಮೇಲೆ ಹೋಗುವುದಲ್ಲ. ಒಂದು ಮೊಳಕ್ಕೂ ಕಡಿಮೆ ಉದ್ದದ ಪ್ಲಾಸ್ಟಿಕ್ ಮಾದರಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರ ಬಳಿ ಡೆಸ್ಟ್ರಾಯರ್ ಎಂಬ ಸಣಕಲು, ಚುರುಕು ಯುದ್ಧನೌಕೆಗಳಿದ್ದವು. ಅಂಥದೊಂದನ್ನು ಮುನ್ನೂರೈವತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸಿ, ಮೆಟ್ಟಿಲು, ಕಂಬಿ, ಲಂಗರಿನ ಸರಪಳಿ ಯಾವುದನ್ನೂ ಬಿಡದೆ ಕಟ್ಟಬೇಕು. ಈ ಹುಚ್ಚು ನನಗೆ ಹತ್ತಿದ್ದು ಬಾಮೈದ ಸಿದ್ದರಾಜುವಿನಿಂದ. ಅವನು ಬೀಚನಹಳ್ಳಿಯ ಹತ್ತಿರ ರೆಸಾರ್ಟ್ ಒಂದರಲ್ಲಿ ಕೆಲಸಕ್ಕಿದ್ದಾನೆ. ಹುಲಿ ನೋಡಲು ಬಂದ ಅತಿಥಿಯೊಬ್ಬರು ಮರೆತುಹೋದ ಪೆಟ್ಟಿಗೆಯನ್ನು ಯಾರೂ ಕೇಳಿಕೊಂಡು ಬಾರದಿದ್ದಾಗ ನನ್ನ ಮುಂದೆ ತಂದಿಟ್ಟ. ಒಳಗೆ ಎಳ್ಳಿನಷ್ಟೆಳ್ಳಿನಷ್ಟು ತುಣುಕುಗಳು, ನನಗೆ ಓದಲು ಬಾರದ ಲಿಪಿ, ನೋಡಿ ತಿಳಿಯಬಹುದಾದ ಚಿತ್ರಗಳು. ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಬೆಂಕಿ ಕಾಯುತ್ತಾ ಕೂರುವವನಿಗೆ ಬಿಡುವಿಗೇನು ಕೊರತೆ? ಮೊದಲ ಹಡಗು ಅಡ್ಡಾದಿಡ್ಡಿಯಾಯಿತು. ಆಮೇಲಾಮೇಲೆ ಕೈ ಕುದುರಿತು. ಜಪಾನಿನ ಒಂದೊಂದು ಹಡಗುಕಟ್ಟೆಯವರೂ ಬಳಿಯುತ್ತಿದ್ದ ಬೂದುಬಣ್ಣ ಬೇರೆ ಬೇರೆಯಂತೆ. ಒಂದೇ ಗಿಡದ ಎಲೆಗಳನ್ನು ಬಣ್ಣ ನೋಡಿ ಬೇರ್ಪಡಿಸಿದ ಕಣ್ಣಿಗೆ ಅದೇನೂ ಕಷ್ಟವಾಗಲಿಲ್ಲ.

ಕಷ್ಟವಾದದ್ದು ತಂತಿ. ಹಡಗಿನ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ತಂತಿಗಳನ್ನು ಎಳೆಯಬೇಕು. ಯಾವ ದಾರ ತಂದರೂ ಭೂತಗನ್ನಡಿಯ ಕೆಳಗೆ ಜುಂಗುಜುಂಗಾಗಿ ಕಾಣುತ್ತಿತ್ತು. ಕೊನೆಗೆ ತಲೆ ಬಾಚುತ್ತಿದ್ದ ಹೆಂಡತಿಯ ಕಡೆ ನನ್ನ ಕಣ್ಣು ಬಿತ್ತು.

ಮಂಜುಳ ತನ್ನ ಕೂದಲನ್ನು ಯಾರಿಗೂ ಕೊಟ್ಟವಳಲ್ಲ. ಕೂದಲಿಗೆ ಪಾತ್ರೆ ಕೊಡುತ್ತೇನೆಂದು ಸೈಕಲ್ಲಿನಲ್ಲಿ ಕೂಗಿಕೊಂಡು ಬರುವವನನ್ನು ಬೀದಿಯ ತುದಿಯಿಂದಲೇ ಓಡಿಸುತ್ತಾಳೆ. ಬಾಚಣಿಗೆಗೆ ಬಂದ ಉದುರುಗೂದಲನ್ನು ಸುತ್ತಿ ಒಲೆಗೆ ಹಾಕಿದರೇ ಅವಳಿಗೆ ಸಮಾಧಾನ. ಕೂದಲು ಪರರ ಕೈ ಸೇರಿದರೆ ಮಾಟ ಮಾಡಿಸುತ್ತಾರೆಂಬುದು ಅವಳ ತಾಯಿ ಕಲಿಸಿದ ಪಾಠ. ನಾನು ತಿಂಗಳುಗಟ್ಟಲೆ ಗೋಗರೆದ ಮೇಲೆ, ಹಡಗು ಮನೆಯಲ್ಲೇ ಇರುತ್ತದಲ್ಲ ಎಂದು ಒಪ್ಪಿದ್ದಳು. ಅವಳೇ ಭೂತಗನ್ನಡಿ ಹಿಡಿದು, ಸೊಪ್ಪು ಕಟ್ಟಿ ಪಳಗಿದ ಬೆರಳಿನಿಂದ ಎಳೆ ಎಳೆಯಾಗಿ ಬಿಗಿದಳು. ಈಗ ನೋಡಿದರೆ ಅದೇ ಹಡಗು ಸಮುದ್ರ ದಾಟಲು ಹೊರಟಿದೆ.

ಸಿದ್ದರಾಜು ಬಂದು ಇನ್ನಷ್ಟು ಹೆದರಿಸಿದ. "ಬಾವ, ಸುಮ್‌ಸುಮ್ನೆ ಯಾರೂ ಮನೆಗೆ ಕರೆಯಕ್ಕಿಲ್ಲ. ಅಸಲಿ ಮಡಿಕ್ಕಂಡು ಅಂತದೇ ಇನ್ನೊಂದ ಕೊಟ್ಟು ಕಳಿಸ್ಬುಡ್ತಾರೆ, ನೋಡ್ಕಳಿ" ಎಂದ. ಅದನ್ನೇ ನಾನೂ ಒಳಗೊಳಗೆ ಯೋಚಿಸುತ್ತಿದ್ದೆ.

ಹೊರಡುವ ದಿನ ಮಂಜುಳ ಕಾಡಿಗೆ ಡಬ್ಬಿ ತಂದು, ಹಡಗಿನ ಹಿಂಬದಿಯಲ್ಲಿ ಸಾಸಿವೆಯಷ್ಟು ದೊಡ್ಡ ದೃಷ್ಟಿಬೊಟ್ಟು ಇಟ್ಟಳು. ಆ ಬೂದುಬಣ್ಣ ಕೂಡಿಸಲು ನಾನು ಪಟ್ಟ ಪಾಡು ನೆನೆದು ಹೊಟ್ಟೆ ಉರಿಯಿತು. ಆದರೂ, ಬದಲಾಯಿಸಿದರೆ ಗುರುತಿಗೆ ಇದೇ ಆಗುತ್ತದೆ ಎಂದು ಸುಮ್ಮನಾದೆ.

"ನೀವು ಮೆರ್ಕಂಡು ಬನ್ನಿ, ಬ್ಯಾಡ ಅನ್ನಕಿಲ್ಲ" ಎಂದಳು. "ನನ್ ಕೂದ್ಲು ಮಾತ್ರ ಒಂದೆಳೆನೂ ಅಲ್ಲಿ ಬುಟ್ಟು ಬರಬ್ಯಾಡಿ ಕಣ್ರೀ. ಆಣೆ ಮಾಡಿ."

ಆಣೆ ಮಾಡಿದೆ.

ವಿಮಾನ ನಿಲ್ದಾಣ

ಬೆಂಗಳೂರಿನ ತಪಾಸಣೆಯಲ್ಲಿ ನನ್ನ ಪೆಟ್ಟಿಗೆ ನಿಂತೇಬಿಟ್ಟಿತು. ಪರದೆಯ ಮೇಲೆ ಸಾಲು ಸಾಲು ತೋಪು ಕಂಡರೆ ಯಾರು ತಾನೇ ಬಿಡುತ್ತಾರೆ? ಇಬ್ಬರು ಸಿಬ್ಬಂದಿ ಪೆಟ್ಟಿಗೆ ತೆರೆದು ಬಗ್ಗಿ ನೋಡಿದರು. ಅವರಿಗೆ ನನ್ನ ಮೇಲೆ ಅನುಮಾನ, ನನಗೆ ಅವರ ಬೆರಳುಗಳ ಮೇಲೆ ಅನುಮಾನ. ಅವರಲ್ಲಿದ್ದ ಹೆಂಗಸು ಕನ್ನಡದವರೇ. ಯಾವ ದೇಶದ ಹಡಗು ಎಂದು ಕೇಳಿದರು, ಜಪಾನಿನದು ಎಂದೆ. ಎಲ್ಲಿಗೆ ಹೋಗುತ್ತಿದ್ದೀರಿ ಎಂದರು, ಜಪಾನಿಗೆ ಎಂದೆ. "ಜಪಾನಿನ ಹಡಗನ್ನ ಜಪಾನಿಗೆ ನೀವು ತಗೊಂಡು ಹೋಗ್ಬೇಕಾ?" ಎಂದರು. ಬೆಟ್ಟದಪುರದಲ್ಲಿ ಅರ್ಧ ಊರು ಕೇಳಿದ ಪ್ರಶ್ನೆಯೇ ಅದು. ಪೆಟ್ಟಿಗೆಯನ್ನು ಬಿಟ್ಟರು. ದಾರಿಯಲ್ಲಿ ಏನಾದರೂ ಮುರಿದರೆ ಇರಲಿ ಎಂದು ಇಟ್ಟುಕೊಂಡಿದ್ದ ಅಂಟಿನ ಟ್ಯೂಬನ್ನು ಮಾತ್ರ ಕಸದ ಬುಟ್ಟಿಗೆ ಹಾಕಿದರು.

ವಿಮಾನದಲ್ಲಿ ಪೆಟ್ಟಿಗೆಯನ್ನು ಮೇಲಿಡಿ ಎಂದು ಗಗನಸಖಿ ಬೇಡಿಕೊಂಡರು. ನಾನು ಬಿಡಲಿಲ್ಲ. ಏರುವಾಗ ಇಳಿಯುವಾಗ ಕಾಲ ಕೆಳಗೆ, ಉಳಿದಂತೆ ತೊಡೆಯ ಮೇಲೆ ಎಂದು ರಾಜಿಯಾಯಿತು. ಪಕ್ಕದ ಸೀಟಿನವರು ನಿದ್ದೆಗಣ್ಣಿನಲ್ಲಿ ಒಮ್ಮೆ ಮೊಣಕೈ ತಾಗಿಸಿ ಕ್ಷಮೆ ಕೇಳಿದರು. ಬೇಕೆಂದೇ ತಾಗಿಸಿದರೋ ಏನೋ ಎಂದು ಇಳಿಯುವವರೆಗೂ ಅವರ ಮೇಲೊಂದು ಕಣ್ಣಿಟ್ಟಿದ್ದೆ.

ಕುರೆ

ಕುರೆ, ಹಿರೋಷಿಮಾದಿಂದ ಸಮುದ್ರದಂಚಿನಲ್ಲೇ ಸಾಗುವ ರೈಲಿನಲ್ಲಿ ತಲುಪುವ ಬಂದರು ಪಟ್ಟಣ. ಹಿಂದೆ ಯುದ್ಧನೌಕೆ ಕಟ್ಟುತ್ತಿದ್ದ ಊರು, ಈಗಲೂ ಬಂದರಿನಲ್ಲಿ ಬೂದುಬಣ್ಣದ ಹಡಗುಗಳು ನಿಂತಿರುತ್ತವೆ. ನಾನು ಕಂಡ ಮೊದಲ ನಿಜವಾದ ಹಡಗನ್ನು ನೋಡಿ ನನಗನ್ನಿಸಿದ್ದು, ಇದರ ತಂತಿಗಳನ್ನು ಯಾರೋ ಸರಿಯಾಗಿ ಬಿಗಿದಿಲ್ಲ ಎಂದು.

ನನ್ನನ್ನು ಕರೆಸಿಕೊಂಡ ಮೊರಿತಾ ಅವರು ನಿಲ್ದಾಣಕ್ಕೆ ಬಂದಿದ್ದರು. ಎಂಬತ್ತು ದಾಟಿದವರು, ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದವರು. ಸೊಂಟ ಬಗ್ಗಿಸಿ ನಮಸ್ಕರಿಸಿ, ನನ್ನ ಚೀಲವನ್ನು ಬಿಟ್ಟು ಹಡಗಿನ ಪೆಟ್ಟಿಗೆಗೇ ಮೊದಲು ಕೈ ಚಾಚಿದರು. ನಾನು ಚೀಲವನ್ನು ಕೊಟ್ಟೆ.

ಅವರ ಮನೆ ಗುಡ್ಡದ ಓರೆಯಲ್ಲಿ, ಕಿರಿದಾದ ಮೆಟ್ಟಿಲುಗಳ ಮೇಲಿದೆ. ಬಾಗಿಲಿಗೆ ಬೀಗವಿರಲಿಲ್ಲ, ಸುಮ್ಮನೆ ಸರಿಸಿ ಒಳಗೆ ಹೋದರು. ಬೀದಿಯಲ್ಲಿ ಬೀಗವಿಲ್ಲದ ಸೈಕಲ್ಲು, ಅಂಗಡಿಯ ಮುಂದೆ ಕಾವಲಿಲ್ಲದ ಕೊಡೆಗಳು. ನಮ್ಮಲ್ಲಿ ಖಾಲಿ ಬ್ಯಾರನ್ನಿಗೂ ಬೀಗ ಜಡಿಯುತ್ತೇವೆ. ಕಳ್ಳರೇ ಇಲ್ಲದ ಊರು ಎಂದು ನಂಬಲು ನನಗೇನು ತಲೆ ಕೆಟ್ಟಿದೆಯೇ? ಕಳ್ಳ ಎಲ್ಲರಿಗೂ ಗೊತ್ತಿರುವವನೇ ಇರಬೇಕು ಎಂದುಕೊಂಡೆ. ನನಗೆ ಕೊಟ್ಟ ಕೋಣೆಯ ಬಾಗಿಲಂತೂ ಕಾಗದದ್ದು. ಅದಕ್ಕೆ ಚಿಲಕ ಎಲ್ಲಿ ಹಾಕುವುದು?

ಮನೆಯಲ್ಲಿ ಇದ್ದವರು ಅವರು ಮತ್ತು ಅವರ ಹೆಂಡತಿ, ಇಬ್ಬರೇ. ಆಕೆಯನ್ನು ನಾನು ಅಜ್ಜಿ ಎಂದೇ ಕರೆದೆ, ಅವರಿಗೂ ಆ ಸದ್ದು ಹಿಡಿಸಿತು. ಹಾಲಿನಂಥ ಬಿಳಿ ಕೂದಲನ್ನು ಸಣ್ಣ ತುರುಬು ಕಟ್ಟಿದ್ದರು. ನಮ್ಮ ನಡುವೆ ಮಾತಾಡಿದ್ದು ಮೊಬೈಲು. ಅವರು ಜಪಾನಿಯಲ್ಲಿ ಹೇಳಿದ್ದನ್ನು ಅದು ಆಕಾಶವಾಣಿಯ ವಾರ್ತೆಯಂಥ ಕನ್ನಡದಲ್ಲಿ ಒಪ್ಪಿಸುತ್ತಿತ್ತು. ಮೀನಿನ ವಾಸನೆಯಿಲ್ಲದ ಸಾರು ಆ ದೇಶದಲ್ಲಿ ಸಿಗುವುದಿಲ್ಲವೆಂದು ಯಾರೋ ಹೇಳಿದ್ದರಿಂದ ನಾನು ರಾಗಿ ಹುರಿಹಿಟ್ಟು ಕಟ್ಟಿಕೊಂಡು ಹೋಗಿದ್ದೆ. ಅವರ ಸಾರನ್ನು ನಾನು ಮೂಸಿ ನೋಡಿದೆ, ನನ್ನ ಹುರಿಹಿಟ್ಟನ್ನು ಅಜ್ಜಿ ಮೂಸಿ ನೋಡಿದರು. ಆ ವಿಷಯದಲ್ಲಿ ನಮ್ಮಿಬ್ಬರಿಗೂ ಪರಸ್ಪರ ಗೌರವ ಹುಟ್ಟಿತು.

ಸಂಜೆ ಹಡಗನ್ನು ಹೊರಗೆ ತೆಗೆದೆ. ಇಬ್ಬರೂ ಮಂಡಿಯೂರಿ ಕೂತು, ಕೈ ಹಿಂದಕ್ಕೆ ಕಟ್ಟಿ ನೋಡತೊಡಗಿದರು. ಅಜ್ಜಿ ಭೂತಗನ್ನಡಿ ಹಿಡಿದು ತುದಿಯಿಂದ ತುದಿಗೆ ಸಾಗಿ, ಒಂದು ಕಡೆ ನಿಂತರು. ಉಸಿರು ಎಳೆದುಕೊಂಡು ಗಂಡನ ಮುಖ ನೋಡಿದರು. ಗಂಡ ಆಕೆಯ ಮುಖ ನೋಡಿದರು. ಇಬ್ಬರು ಕೊಳ್ಳುವವರ ನಡುವೆ ಹಾಯುವ ಆ ನೋಟವನ್ನು ನಾನು ಹರಾಜಿನಲ್ಲಿ ಎಷ್ಟು ಕಂಡಿಲ್ಲ? ಒಳ್ಳೆಯ ಎಲೆ ಸಿಕ್ಕಿದಾಗ, ರೈತನಿಗೆ ತಿಳಿಯದಿರಲಿ ಎಂದು ಹಾಗೆ ನೋಡಿಕೊಳ್ಳುತ್ತಾರೆ.

ಈ ತಂತಿಗಳನ್ನು ಯಾವುದರಿಂದ ಮಾಡಿದಿರಿ ಎಂದು ಅಜ್ಜಿ ಮೊಬೈಲಿನಲ್ಲಿ ಕೇಳಿದರು. ದಾರ ಎಂದೆ. ಆಕೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಒಳ್ಳೆಯ ದಾರ ಎಂದು ತಲೆಬಾಗಿದರು. ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ಪೆಟ್ಟಿಗೆ ಮುಚ್ಚಿ, ಕಡ್ಡಿಗೆ ಸೊಪ್ಪು ಕಟ್ಟುವಾಗ ಹಾಕುವ ಗಂಟನ್ನೇ ಅದಕ್ಕೆ ಹಾಕಿದೆ. ನಮ್ಮ ಕಡೆಯವರಲ್ಲದೆ ಬೇರೆಯವರು ಬಿಚ್ಚಿದರೆ ಮತ್ತೆ ಹಾಗೇ ಕಟ್ಟಲು ಬಾರದು.

ಗುಡ್ಡದ ಮೇಲೆ

ಮರುದಿನ ಮೊರಿತಾ ಅವರು ಗುಡ್ಡದ ಮೇಲೆ ನೋಡಬೇಕಾದ ಜಾಗವಿದೆ ಎಂದು ಹೊರಡಿಸಿದರು. ಅಜ್ಜಿ ಮಂಡಿನೋವೆಂದು ಮನೆಯಲ್ಲೇ ಉಳಿದರು. ಪೆಟ್ಟಿಗೆಯನ್ನು ಹೊತ್ತುಕೊಂಡೇ ಬರುತ್ತೇನೆಂದರೆ ಮೊರಿತಾ ಅವರು ಬೇಡವೇ ಬೇಡ ಎಂದು ಕೈಯಾಡಿಸಿದರು. ಬೇಡ ಎಂದಷ್ಟೂ ನನಗೆ ಅನುಮಾನ ಗಟ್ಟಿಯಾಯಿತು. ಆದರೆ ಉಂಡ ಮನೆಯಲ್ಲಿ ಜಗಳವಾಡುವುದು ಹೇಗೆ? ಹಿಂದೆ ತಿರುಗಿ ತಿರುಗಿ ನೋಡುತ್ತಾ ಹತ್ತಿದೆ.

ಅದು ನೌಕಾಪಡೆಯವರ ಹಳೆಯ ಸ್ಮಶಾನ. ಅಲ್ಲಿ ಮನುಷ್ಯರಿಗೆ ಮಾತ್ರವಲ್ಲ, ಮುಳುಗಿದ ಹಡಗುಗಳಿಗೂ ಕಲ್ಲು ನಿಲ್ಲಿಸಿದ್ದಾರೆ. ನಮ್ಮ ಕಡೆ ಹೊಲದ ಬದುವಿನಲ್ಲಿ ವೀರಗಲ್ಲು ಸಿಗುತ್ತದೆ, ಯಾರದೆಂದು ಯಾರಿಗೂ ಗೊತ್ತಿರುವುದಿಲ್ಲ, ಹಬ್ಬಕ್ಕೊಂದು ಹೂವಿಟ್ಟು ಬರುತ್ತೇವೆ. ಇಲ್ಲಿ ಗೊತ್ತಿರುವವರು ಇನ್ನೂ ಬದುಕಿದ್ದಾರೆ. ಮೊರಿತಾ ಅವರು ಒಂದು ಕಲ್ಲಿನ ಮುಂದೆ ನಿಂತು, ಸೌಟಿನಿಂದ ನೀರು ಹೊಯ್ದು ಕೈ ಮುಗಿದರು. ಮೊಬೈಲು ಹೇಳಿತು: "ಇದು ನನ್ನ ಹೆಂಡತಿಯ ತಂದೆಯ ಹಡಗು. ನೀವು ಕಟ್ಟಿದ್ದು ಇದೇ ಜಾತಿಯದು. ಆಕೆ ಆಗ ಕೈಗೂಸು."

ಅಲ್ಲಿಯವರೆಗೆ ನನಗೆ ಡೆಸ್ಟ್ರಾಯರ್ ಎಂದರೆ ಬಣ್ಣ, ಅಂಟು, ಚಿಮಟ. ಅದರೊಳಗೆ ಜನರಿದ್ದರೆಂದು ಗೊತ್ತಿತ್ತು, ಆದರೆ ಅವರಲ್ಲೊಬ್ಬರಿಗೆ ಮಗಳಿದ್ದಳು, ಅವಳು ನಿನ್ನೆ ನನಗೆ ಅನ್ನ ಬಡಿಸಿದಳು ಎಂಬುದು ಬೇರೆಯೇ ಸಂಗತಿ. ಮನಸ್ಸು ಮೆತ್ತಗಾಯಿತು. ಆಗಿದ್ದೂ ಸ್ವಲ್ಪ ಹೊತ್ತು ಮಾತ್ರ. ಮೆಟ್ಟಿಲು ಇಳಿಯುವಾಗ ಇನ್ನೊಂದು ಯೋಚನೆ ಹೊಕ್ಕಿತು. ಅಪ್ಪನ ಹಡಗು. ಹಾಗಾದರೆ ಆಕೆಗೆ ಇದು ಬೇಕೇ ಬೇಕು.

ಮನೆಗೆ ಬಂದವನೇ ಪೆಟ್ಟಿಗೆ ನೋಡಿದೆ. ನನ್ನ ಗಂಟಿನ ಜಾಗದಲ್ಲಿ ಚಪ್ಪಟೆಯಾದ, ಹೂವಿನಂಥ ಚೆಂದದ ಗಂಟು. ತೆರೆಯೋಣವೆಂದರೆ ಇಬ್ಬರೂ ಚಹಾ ಹಿಡಿದು ಎದುರಿಗೇ ಕೂತಿದ್ದಾರೆ. ಅನುಮಾನ ತೋರಿಸಿದರೆ ಎಚ್ಚರಗೊಳ್ಳುತ್ತಾರೆ, ನಾಳೆ ಸಭಾಂಗಣದಲ್ಲಿ ಹತ್ತು ಜನರ ನಡುವೆ ನೋಡಿಕೊಳ್ಳೋಣ ಎಂದು ಹಲ್ಲು ಕಚ್ಚಿ ಚಹಾ ಕುಡಿದೆ.

ಪ್ರದರ್ಶನ

ಊರಿನ ಸಮುದಾಯ ಭವನದಂಥ ಕಟ್ಟಡ. ಉದ್ದುದ್ದ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿ ಹಡಗುಗಳನ್ನು ಸಾಲಾಗಿ ಇಟ್ಟಿದ್ದರು. ಕಾವಲುಗಾರನಿಲ್ಲ, ಗಾಜಿನ ಮುಚ್ಚಳವಿಲ್ಲ. ಬಂದವರೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದರು. ಮುಟ್ಟುವುದಿಲ್ಲ ಎಂದು ತೋರಿಸಲು ಹಾಗಂತೆ. ನನಗೆ ಮಾತ್ರ, ಪ್ರತಿಯೊಬ್ಬರೂ ಹಿಂದೆ ಏನೋ ಬಚ್ಚಿಟ್ಟುಕೊಂಡಂತೆ ಕಂಡಿತು.

ನನ್ನ ಹಡಗನ್ನು ಹೊರಗಿಟ್ಟೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬೂದುಬಣ್ಣವೇ ಬೇರೆಯೆನಿಸಿತು. ಹಿಂಬದಿ ನೋಡಿದೆ. ದೃಷ್ಟಿಬೊಟ್ಟು ಇರಲಿಲ್ಲ. ಭೂತಗನ್ನಡಿ ಹಿಡಿದು ತಂತಿಗಳ ಮೇಲೆ ಸಾಗಿದೆ. ಕಪ್ಪು ಎಳೆಗಳ ನಡುವೆ, ದೊಡ್ಡ ಕಂಬದಿಂದ ಇಳಿಯುವ ಕಡೆ, ಬೆಳ್ಳಗೆ ಹೊಳೆಯುವ ಒಂದೆಳೆ. ಮಂಜುಳಳ ತಲೆಯಲ್ಲಿ ನರೆಯಿದೆ, ಇಷ್ಟು ಬಿಳಿಯದಿಲ್ಲ. ಸಿದ್ದರಾಜು ಹೇಳಿದಂತೆಯೇ ಆಗಿತ್ತು. ಹಡಗು ಹೋದರೆ ಹೋಗಲಿ, ಅವಳ ಕೂದಲೆಲ್ಲ ಈಗ ಇವರ ಕೈಯಲ್ಲಿದೆ, ಮನೆಗೆ ಹೋಗಿ ಯಾವ ಮುಖ ತೋರಿಸಲಿ?

ಇದು ನನ್ನ ಹಡಗಲ್ಲ ಎಂದು ಕನ್ನಡದಲ್ಲೇ ಕೂಗಿದೆ. ಭವನದ ಗುಜುಗುಜು ನಿಂತುಹೋಯಿತು. ಮೊರಿತಾ ಅವರು ಓಡಿಬಂದು ಮೊಬೈಲು ಹಿಡಿದರು, ಅದು ನನ್ನ ಕೋಪವನ್ನೂ ವಾರ್ತೆಯ ದನಿಯಲ್ಲೇ ಅವರಿಗೆ ಒಪ್ಪಿಸಿತು. ಅವರ ಮುಖ ಕಂದಿತು. ಸೊಂಟ ಬಗ್ಗಿಸಿದವರು ಮೇಲೆ ಏಳಲೇ ಇಲ್ಲ. ತಪ್ಪು ಮಾಡಿದವನಲ್ಲದೆ ಬೇರೆ ಯಾರು ಹಾಗೆ ಬಗ್ಗುತ್ತಾರೆ ಎಂದು ನಾನು ಇನ್ನಷ್ಟು ಗಟ್ಟಿಯಾಗಿ ನಿಂತೆ.

ಆಚೆ ಬದಿಯಲ್ಲಿ ಚಹಾ ಕೊಡುತ್ತಿದ್ದ ಅಜ್ಜಿ ನಿಧಾನವಾಗಿ ಬಂದರು. ಕೈಚೀಲದಿಂದ ಮಡಿಸಿದ ಬಿಳಿ ಕಾಗದವೊಂದನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಬಿಡಿಸಿದೆ. ಒಳಗೆ ಸುರುಳಿ ಸುತ್ತಿಟ್ಟ ಒಂದು ಕಪ್ಪು ಕೂದಲು. ತುದಿಯಲ್ಲಿ ನನ್ನ ಅಂಟಿನ ಹನಿ ಇನ್ನೂ ಅಂಟಿಕೊಂಡಿತ್ತು.

ಆಕೆ ಹೇಳಿದ್ದನ್ನು ಮೊಬೈಲು ಬಿಡಿಬಿಡಿಯಾಗಿ ಹೇಳಿತು. ದಾರಿಯಲ್ಲೇ ಒಂದೆಳೆ ಕಿತ್ತುಹೋಗಿತ್ತು. ನಾನು ನೋಡಿರಲಿಲ್ಲ, ಅವರು ಮೊದಲ ಸಂಜೆಯೇ ನೋಡಿದ್ದರು. ದೂರದಿಂದ ಬಂದ ಅತಿಥಿಗೆ ನಿಮ್ಮ ಕೆಲಸ ಮುರಿದಿದೆ ಎಂದು ಬಾಯಿಬಿಟ್ಟು ಹೇಳುವುದು ಅವರಲ್ಲಿ ದೊಡ್ಡ ಒರಟುತನ. ಅದಕ್ಕೇ ನನ್ನನ್ನು ಗುಡ್ಡಕ್ಕೆ ಸಾಗಹಾಕಿ, ನನಗೆ ತಿಳಿಯದಂತೆ ಸರಿಮಾಡಿಟ್ಟಿದ್ದರು. ಹಿಂಬದಿಯ ಕರಿಚುಕ್ಕೆ ಪ್ರಯಾಣದಲ್ಲಿ ಹತ್ತಿದ ಮಸಿಯೆಂದು ಒರೆಸಿದ್ದರು. ಅದೇ ಎಳೆಯನ್ನು ಮತ್ತೆ ಬಿಗಿದರೆ ತುಂಡಾದೀತೆಂದು ಹೆದರಿ, ತಂತಿ ಕೂದಲಿನದೆಂದು ಕಂಡಿದ್ದರಿಂದ ದಾರ ಹಾಕಲೂ ಮನಸ್ಸು ಬರದೆ, ಅಜ್ಜಿ ತಮ್ಮ ತುರುಬಿನಿಂದಲೇ ಒಂದೆಳೆ ಕಿತ್ತು ಕಟ್ಟಿದ್ದರು.

ಆಮೇಲೆ ಅಜ್ಜಿ ಆ ಕಾಗದವನ್ನು ತೋರಿಸಿ ಹೇಳಿದರು. "ಹಡಗು ಹತ್ತುವ ಮುನ್ನ ನನ್ನ ತಂದೆ ತಮ್ಮ ಕೂದಲನ್ನು ಕತ್ತರಿಸಿ, ಹೀಗೆ ಕಾಗದದಲ್ಲಿ ಮಡಿಸಿ ಮನೆಯಲ್ಲಿಟ್ಟು ಹೋದರು. ಅವರು ಬರಲಿಲ್ಲ. ನಾವು ಮಣ್ಣು ಮಾಡಿದ್ದು ಆ ಕೂದಲನ್ನೇ. ನಿಮ್ಮ ಮನೆಯವರ ಕೂದಲನ್ನು ನಾನು ಎಸೆಯಬಾರದು ಎಂದುಕೊಂಡೆ."

ನನಗೆ ನಾಚಿಕೆಯಾಯಿತು. ಭೂಮಿ ಬಾಯಿಬಿಡಬಾರದೇ ಎನಿಸಿತು. ನಾನೂ ಮೊರಿತಾ ಅವರಂತೆ ಸೊಂಟ ಬಗ್ಗಿಸಿದೆ. ಅಭ್ಯಾಸವಿಲ್ಲದ್ದರಿಂದ ಯಾವಾಗ ಏಳಬೇಕೆಂದು ತಿಳಿಯಲಿಲ್ಲ, ಅಜ್ಜಿಯೇ ತೋಳು ಹಿಡಿದು ಎಬ್ಬಿಸಿದರು. ಕರಿಚುಕ್ಕೆ ಏನೆಂದು ವಿವರಿಸಿದಾಗ ಇಬ್ಬರೂ ಅದನ್ನು ಒರೆಸಿದ್ದಕ್ಕೆ ಹೆದರಿ ಮತ್ತೆ ಬಗ್ಗಿದರು. ಮಾಟದ ವಿಷಯ ಮಾತ್ರ ಹೇಳಲಿಲ್ಲ. ನಿಮ್ಮನ್ನು ಮಾಟಗಾರರೆಂದುಕೊಂಡೆ ಎಂದು ಮೊಬೈಲಿನ ಬಾಯಲ್ಲಿ ಹೇಳಿಸಲು ನನಗೆ ಧೈರ್ಯ ಸಾಲಲಿಲ್ಲ.

ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ವಿಮಾನ ಹತ್ತುವ ಮುನ್ನ ಕಾಗದ ಬಿಡಿಸಿ, ಆ ಎಳೆಯನ್ನು ಹಡಗಿನ ಕಂಬದಿಂದ ಕಂಬಕ್ಕೆ ಹಿಡಿದು ನೋಡಿದೆ. ಚೂರೂ ಕಡಿಮೆಯಿರಲಿಲ್ಲ.

ಮತ್ತೆ ಬೆಟ್ಟದಪುರ

ಮಂಜುಳ ನನ್ನನ್ನು ಹೇಗಿದ್ದೀರಿ ಎಂದೂ ಕೇಳಲಿಲ್ಲ. ಪೆಟ್ಟಿಗೆ ಬಿಚ್ಚಿಸಿ, ಭೂತಗನ್ನಡಿ ತೆಗೆದುಕೊಂಡು ಜಗಲಿಯ ಬೆಳಕಿಗೆ ಕೂತಳು. ಹಿಂಬದಿ ನೋಡಿ ಹುಬ್ಬು ಗಂಟಿಕ್ಕಿದಳು. ತಂತಿಗಳ ಮೇಲೆ ಸಾಗಿ ದೊಡ್ಡ ಕಂಬದ ಹತ್ತಿರ ನಿಂತಳು.

"ಇದ್ಯಾರ ಕೂದ್ಲು ಕಣ್ರೀ?"

ನಾನು ಮೊದಲಿನಿಂದ ಹೇಳಿದೆ. ಗಂಟು, ಗುಡ್ಡ, ನಾನು ಕೂಗಾಡಿದ್ದು, ಅಜ್ಜಿಯ ಅಪ್ಪ, ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟರೂ ಅವಳು ಬೇಲಿನ ನಡುವಿಗೇ ಕೈ ಹಾಕುವವಳು. ಕಾಗದವನ್ನು ಕೈಯಲ್ಲಿಟ್ಟೆ. ತನ್ನ ಕೂದಲನ್ನು ಬೆರಳಿಗೆ ಸುತ್ತಿ, ಬಿಚ್ಚಿ, ತನ್ನದೇ ಎಂದು ಖಾತ್ರಿ ಮಾಡಿಕೊಂಡಳು. ಈಗ ಎದ್ದು ಒಲೆಗೆ ಹಾಕುತ್ತಾಳೆಂದು ಕಾದೆ. ಅವಳು ಏಳಲಿಲ್ಲ. ಭೂತಗನ್ನಡಿಯನ್ನು ಮತ್ತೆ ಬಿಳಿ ಎಳೆಯ ಮೇಲೆ ಹಿಡಿದಳು.

"ಆವಮ್ಮಂಗೆ ಭಯ ಆಗ್ನಿಲ್ವಾ?" ಎಂದಳು. "ಗುರ್ತಿಲ್ಲ, ಪರ್ಚಯ ಇಲ್ಲ. ತಲೆಗೂದ್ಲ ಕಿತ್ತು ನಮ್ ಕೈಗೆ ಕೊಟ್ಟು ಕಳಿಸವ್ರಲ್ಲ. ನಾವೇನಾರ ಮಾಡುಸ್ಬುಡ್ತೀವಿ ಅನ್ನುಸ್ನಿಲ್ವಾ?"

ಅವಳು ಒಳಗೆ ಹೋಗಿ ಕಾಡಿಗೆ ಡಬ್ಬಿ ತಂದಳು. ಈ ಸಲ ಬೊಟ್ಟನ್ನು ಹಿಂಬದಿಗಲ್ಲ, ಬಿಳಿ ಎಳೆ ಬಂದು ಇಳಿಯುವ ಜಾಗದ ಪಕ್ಕದಲ್ಲೇ ಇಟ್ಟಳು. ಬಣ್ಣ ಹಾಳಾಯಿತೆಂದು ನಾನು ಬಾಯಿ ತೆರೆಯಲಿಲ್ಲ. ತನ್ನ ಎಳೆಯನ್ನು ಮಡಿಕೆ ತಪ್ಪದಂತೆ ಮತ್ತೆ ಅದೇ ಕಾಗದದಲ್ಲಿ ಮಡಿಸಿ ನನ್ನ ಮುಂದೆ ಇಟ್ಟಳು.

"ಇನ್ನೊಂದು ಹಡಗು ಕಟ್ಟಿ. ಇದ ಹಾಕಿ, ಅವ್ರಿಗೇ ಕಳ್ಸಿ" ಎಂದಳು. "ಸಾಲದೆ ಬಂದ್ರೆ ಕೇಳಿ, ಕೊಡ್ತೀನಿ."

ಬ್ಯಾರನ್ನಿನ ಮುಂದೆ ಈಗ ಅದೇ ಕೆಲಸ ನಡೆದಿದೆ. ಹಡಗು ಮುಕ್ಕಾಲು ಮುಗಿದಿದೆ, ತಂತಿ ಬಿಗಿಯುವುದೊಂದು ಬಾಕಿ. ಅಂಚೆಯವರ ಮೇಲೆ ನನಗೆ ಇನ್ನೂ ನಂಬಿಕೆ ಬಂದಿಲ್ಲ. ಪೆಟ್ಟಿಗೆಗೆ ಸೊಪ್ಪಿನ ಗಂಟು ಹಾಕುವುದೋ ಅಜ್ಜಿಯ ಹೂವಿನ ಗಂಟು ಹಾಕುವುದೋ ಎಂದು ಕೇಳಿದ್ದಕ್ಕೆ, ಅವರಿಗೆ ಬಿಚ್ಚಲು ಸುಲಭವಾಗುವುದನ್ನು ಹಾಕಿ ಎಂದಿದ್ದಾಳೆ ಮಂಜುಳ.